ಮಕುರಾ ಅಂದರೆ ಪೊರಕೆ

ದಿಂಬು ಕೇಳಿದ ಅಜ್ಜಿಗೆ ಚಿಕ್ಕಮ್ಮ ಪೊರಕೆ ತಂದುಕೊಟ್ಟಳು.

ಹೇಗೆಂದರೆ ಹಾಗೆ ಕೊಡಲಿಲ್ಲ. ಎರಡೂ ಕೈಯಲ್ಲಿ ಹಿಡಿದು, ನಡು ಬಗ್ಗಿಸಿ, ಮುಖದ ತುಂಬ ನಗು ತಂದುಕೊಂಡು ಕೊಟ್ಟಳು. ಜಪಾನಿನಿಂದ ಬಂದಿದ್ದ ಆ ಅಜ್ಜಿ ಪೊರಕೆಯನ್ನು ನೋಡಿದರು, ಚಿಕ್ಕಮ್ಮನನ್ನು ನೋಡಿದರು, ಮತ್ತೆ ಪೊರಕೆಯನ್ನು ನೋಡಿದರು. ಆಮೇಲೆ ಅವರೂ ಎರಡೂ ಕೈ ಚಾಚಿ ಅದನ್ನು ತೆಗೆದುಕೊಂಡು, ನಡು ಬಗ್ಗಿಸಿ, ಬಾಗಿಲು ಹಾಕಿಕೊಂಡರು.

"ಮಕುರಾ ಕೇಳಿದ್ರು, ತಕ್ಷಣ ಕೊಟ್ಟೆ," ಎಂದಳು ಚಿಕ್ಕಮ್ಮ. "ನೋಡಿದ್ಯಾ ಬಟಾಣಿ? ಮೂರು ವಾರ ಬಾಯಿಪಾಠ ಮಾಡಿದ್ದು ಸಾರ್ಥಕ ಆಯ್ತು."

ಬಾಗಿಲ ಆಚೆಯಿಂದ ಸರ್ ಸರ್ ಎಂದು ಗುಡಿಸುವ ಸದ್ದು ಕೇಳಿಸಿತು.

"ಅಷ್ಟು ದೂರದಿಂದ ಬಂದಿದ್ದಾರೆ. ಕೂತು ಸುಧಾರಿಸ್ಕೊಳ್ಳೋದು ಬಿಟ್ಟು ರೂಮು ಗುಡಿಸ್ತಿದ್ದಾರೆ ನೋಡು," ಚಿಕ್ಕಮ್ಮ ತಲೆದೂಗಿದಳು. "ಎಂಥ ಶುಚಿ ಜನ. ನೀನು ನಿನ್ನ ಮೇಜು ಒರೆಸಿ ಎಷ್ಟು ದಿನ ಆಯ್ತು?"

ಬಟಾಣಿ ಮುಚ್ಚಿದ ಬಾಗಿಲನ್ನೇ ನೋಡುತ್ತ ನಿಂತಳು. ಮಕುರಾ ಅಂದರೆ ಪೊರಕೆ ಅಲ್ಲ. ಆ ಹೋಟೆಲಿನಲ್ಲಿ, ಬಂದ ಅತಿಥಿಗಳನ್ನು ಬಿಟ್ಟರೆ, ಆ ಸಂಗತಿ ಗೊತ್ತಿದ್ದದ್ದು ಅವಳೊಬ್ಬಳಿಗೇ.

ಬಟಾಣಿ ಐದನೇ ಕ್ಲಾಸು. ಕೂತಲ್ಲಿ ಕೂರದೆ, ನಿಂತಲ್ಲಿ ನಿಲ್ಲದೆ ಮನೆಯೆಲ್ಲ ಉರುಳಾಡುತ್ತಾಳೆ ಅಂತ ಅಜ್ಜ ಇಟ್ಟ ಹೆಸರು ಅದು. ಚಿಕ್ಕಮ್ಮನಿಗೆ ಈ ಹೋಟೆಲಿನಲ್ಲಿ ರೂಮುಗಳನ್ನು ಸಿದ್ಧ ಮಾಡುವ ಕೆಲಸ. ಹಾಸಿಗೆಗೆ ಹೊಸ ಚಾದರ ಹಾಸುವುದು, ಟವೆಲ್ ಇಡುವುದು, ಅತಿಥಿಗಳು ಕೇಳಿದ್ದನ್ನು ಕೊಡುವುದು. ತಿಂಗಳ ಹಿಂದೆ ಮ್ಯಾನೇಜರ್ ಎಲ್ಲರನ್ನೂ ಕರೆದು ಹೇಳಿದ್ದರು: "ಜಪಾನಿನಿಂದ ಹದಿನೆಂಟು ಜನ ಬರ್ತಾರೆ. ಹಕ್ಕಿ ನೋಡೋರ ತಂಡ. ಇಂಗ್ಲಿಷ್ ಅಷ್ಟಕ್ಕಷ್ಟೆ. ಅವರನ್ನ ಚೆನ್ನಾಗಿ ನೋಡಿಕೊಂಡವರಿಗೆ ಎರಡನೇ ಮಹಡಿ ಸೂಪರ್‌ವೈಸರ್ ಕೆಲಸ."

ಮರುದಿನವೇ ಚಿಕ್ಕಮ್ಮ ಹಳೇ ಪುಸ್ತಕದ ಅಂಗಡಿಯಿಂದ ಜಪಾನಿ ಡಿಕ್ಷನರಿ ಹೊತ್ತು ತಂದಳು. ಅಜ್ಜ ಅದನ್ನು ಅಡುಗೆಮನೆಯ ತಕ್ಕಡಿಯ ಮೇಲಿಟ್ಟು, "ಎರಡೂಕಾಲು ಕೆಜಿ. ಇಷ್ಟು ಮಾತು ಆಡೋಕೆ ಅವರಿಗೆ ಪುರುಸೊತ್ತು ಎಲ್ಲಿಂದ ಬರುತ್ತೆ?" ಎಂದರು. ಅದರ ಅಕ್ಷರಗಳೋ, ಇರುವೆ ಸಾಲು. ಭೂತಗನ್ನಡಿ ಹಿಡಿದರಷ್ಟೇ ಕಾಣಿಸುತ್ತಿದ್ದವು.

ಒಂದು ಭಾನುವಾರ ಚಿಕ್ಕಮ್ಮ ಬೆಳಗಿನಿಂದ ಸಂಜೆಯವರೆಗೆ ಕೂತು, ಒಂದೊಂದೇ ಪದ ಹುಡುಕಿ, ಇಂಗ್ಲಿಷ್ ಅಕ್ಷರದಲ್ಲಿ ಕೊಟ್ಟಿದ್ದ ಉಚ್ಚಾರವನ್ನು ನಮ್ಮ ಅಕ್ಷರದಲ್ಲಿ ಚೀಟಿಗಳ ಮೇಲೆ ಬರೆದಳು. ಒಟ್ಟು ಅರವತ್ತು ಚೀಟಿ. ಮನೆಯ ಸಾಮಾನಿಗೆಲ್ಲ ಅಂಟಿಸಿಬಿಟ್ಟಳು. ಕನ್ನಡಿಗೆ ಕಗಾಮಿ. ಬೀಗದ ಕೈಗೆ ಕಗಿ. ಬಾಚಣಿಗೆಗೆ ಕುಶಿ.

"ಬಾಚಣಿಗೆಗೆ ಖುಷಿಯಂತೆ," ಎಂದು ಅಜ್ಜ ತಮ್ಮ ಬೋಳು ತಲೆ ಸವರಿಕೊಂಡರು. "ನನ್ನನ್ನ ನೋಡಿದ್ರೆ ಅದಕ್ಕೆ ದುಃಖವೇ."

ಅಷ್ಟಕ್ಕೇ ಬಿಟ್ಟಿದ್ದರೆ ಏನೂ ಆಗುತ್ತಿರಲಿಲ್ಲ. ಚಿಕ್ಕಮ್ಮ ಬಟಾಣಿಯ ನೀರಿನ ಬಾಟಲಿಗೂ 'ಸುಯಿತೋ' ಎಂದು ದಪ್ಪಕ್ಷರದಲ್ಲಿ ಬರೆದು, ಮೇಲೆ ಟೇಪು ಸುತ್ತಿದಳು. ಸೋಮವಾರ ಅದು ಸ್ಕೂಲಿಗೆ ಹೋಯಿತು. ಊಟದ ಬೆಲ್ ಹೊಡೆಯುವುದರೊಳಗೆ ಇಡೀ ಕ್ಲಾಸಿಗೆ ಬಟಾಣಿ ಸುಯಿತೋ ಆಗಿದ್ದಳು. "ಸುಯಿತೋ, ರಬ್ಬರ್ ಕೊಡೇ." "ಮಿಸ್, ಸುಯಿತೋ ನನ್ನ ಜಾಗದಲ್ಲಿ ಕೂತಿದ್ದಾಳೆ." ಕೊನೆಗೆ ಹಾಜರಿ ಕೂಗುವಾಗ ಮಿಸ್ ಬಾಯಲ್ಲೂ ಅರ್ಧ 'ಸುಯಿ' ಬಂದು ನಿಂತಿತು.

ಬಟಾಣಿಗೆ ಮೈಯೆಲ್ಲ ಉರಿದುಹೋಯಿತು. ಸಂಜೆ ಮನೆಗೆ ಬಂದವಳೇ ಚೀಟಿಗಳನ್ನು ಕಿತ್ತು ಅದಲುಬದಲು ಮಾಡಿದಳು. ದಿಂಬಿನದು ಪೊರಕೆಗೆ, ಪೊರಕೆಯದು ದಿಂಬಿಗೆ. ಸೋಪಿನದು ಕುರ್ಚಿಗೆ. ಕಂಬಳಿಯದು ಕತ್ತರಿಗೆ. ಹೀಗೆ ಹದಿನಾಲ್ಕು ಚೀಟಿ. ಬೆಳಿಗ್ಗೆ ಚಿಕ್ಕಮ್ಮ ಕಂಡುಹಿಡಿಯುತ್ತಾಳೆ, ಬಾಲ ಸುಟ್ಟ ಬೆಕ್ಕಿನ ಹಾಗೆ ಕುಣಿಯುತ್ತಾಳೆ, ಮಂಚದ ಸುತ್ತ ಅಟ್ಟಿಸಿಕೊಂಡು ಬರುತ್ತಾಳೆ ಅಂದುಕೊಂಡಿದ್ದಳು.

ಚಿಕ್ಕಮ್ಮನಿಗೆ ಗೊತ್ತೇ ಆಗಲಿಲ್ಲ. ಅರವತ್ತು ಪದ ಬರೆಯುವ ಹೊತ್ತಿಗೆ ಅವಳ ತಲೆ ಗಿರ್ರೆಂದಿತ್ತು, ಒಂದೂ ನೆನಪಿನಲ್ಲಿ ಉಳಿದಿರಲಿಲ್ಲ. ಮಂಗಳವಾರದಿಂದ ಬೆಳಿಗ್ಗೆ ಐದಕ್ಕೇ ಎದ್ದು ಮನೆಯೆಲ್ಲ ಸುತ್ತುತ್ತ, ಒಂದೊಂದು ಸಾಮಾನನ್ನೂ ಮುಟ್ಟಿ ಮುಟ್ಟಿ ಚೀಟಿ ಓದಿ ಕಲಿತಳು. ಬಟಾಣಿಗೆ ಬುಧವಾರ ಗಣಿತದ ಟೆಸ್ಟ್ ಬಂತು. ಚೀಟಿಗಳ ವಿಷಯ ಪೂರ್ತಿ ಮರೆತೇಹೋಯಿತು.

ಇವತ್ತು ಶನಿವಾರ. ಅರ್ಧ ದಿನದ ಸ್ಕೂಲು ಮುಗಿದ ಮೇಲೆ, ಜಪಾನಿನವರನ್ನು ನೋಡಬೇಕು ಅಂತ ಹಟ ಹಿಡಿದು ಚಿಕ್ಕಮ್ಮನ ಜೊತೆ ಬಂದವಳು ಅವಳೇ. "ಚಾದರ ಇಡೋ ರೂಮಲ್ಲಿ ತೆಪ್ಪಗೆ ಕೂತು ಹೋಂವರ್ಕ್ ಮಾಡ್ಬೇಕು," ಅಂತ ಚಿಕ್ಕಮ್ಮ ಹೇಳಿದ್ದಳು. ಬಟಾಣಿ ಎಲ್ಲಾದರೂ ತೆಪ್ಪಗೆ ಕೂತದ್ದುಂಟೇ?

ಅಷ್ಟರಲ್ಲಿ ಇನ್ನೂರ ಏಳನೇ ರೂಮಿನ ಬಾಗಿಲು ಒಂದು ಗೇಣು ತೆರೆಯಿತು. ಒಬ್ಬರು ದಪ್ಪ ಮಾಮ ತಲೆ ಮಾತ್ರ ಹೊರಗೆ ಹಾಕಿದರು. ತಲೆಯಿಂದ ನೀರು ತೊಟತೊಟ ಸುರಿಯುತ್ತಿತ್ತು. "ಸೆಕ್ಕೆನ್," ಎಂದರು.

"ಒಂದೇ ನಿಮಿಷ," ಎಂದು ಚಿಕ್ಕಮ್ಮ ಕಾರಿಡಾರಿನ ತುದಿಗೆ ಓಡಿದಳು.

"ಚಿಕ್ಕಮ್ಮ, ನಿಲ್ಲು, ಸೆಕ್ಕೆನ್ ಅಂದ್ರೆ..."

"ಗೊತ್ತು ಕಣೇ, ಗೊತ್ತು." ಚಿಕ್ಕಮ್ಮ ಒಂದು ಮಡಚುವ ಕುರ್ಚಿಯನ್ನು ಎತ್ತಿಕೊಂಡು ಬಂದು ಬಾಗಿಲ ಸಂದಿಯಲ್ಲಿ ತೂರಿಸಿದಳು. "ಕೂತು ಸ್ನಾನ ಮಾಡೋ ಅಭ್ಯಾಸ ಇರಬೇಕು, ಪಾಪ."

ಇನ್ನೂರ ಒಂಬತ್ತರಲ್ಲಿ ಗಂಡ ಹೆಂಡತಿ ಇದ್ದರು. ಹೆಂಡತಿಗೆ ಚಳಿ. ತೋಳು ಉಜ್ಜಿಕೊಳ್ಳುತ್ತ "ಮೋಫು, ಮೋಫು" ಎಂದರು. ಬಟಾಣಿ ಸೆರಗು ಹಿಡಿದು ಎಳೆಯುವಷ್ಟರಲ್ಲಿ ಚಿಕ್ಕಮ್ಮ ಟ್ರಾಲಿಯಿಂದ ದೊಡ್ಡ ಕತ್ತರಿ ತೆಗೆದು, ಹರಿತವಾಗಿದೆ ಎಂದು ತೋರಿಸಲು ಗಾಳಿಯಲ್ಲಿ ಎರಡು ಸಲ ಕಚ ಕಚ ಎನಿಸಿದಳು.

ಗಂಡ ಹೆಂಡತಿ ಇಬ್ಬರೂ ಒಟ್ಟಿಗೆ ಹಿಂದಕ್ಕೆ ಹೆಜ್ಜೆ ಇಟ್ಟರು. ಬಾಗಿಲು ಮುಚ್ಚಿತು. ಒಳಗಿನಿಂದ ಚಿಲಕ ಹಾಕಿದ ಸದ್ದಾಯಿತು. ಆಮೇಲೆ ಏನೋ ಭಾರವಾದದ್ದನ್ನು ಬಾಗಿಲಿಗೆ ಅಡ್ಡ ಎಳೆದ ಸದ್ದೂ ಆಯಿತು.

"ಕತ್ತರಿ ತಗೊಳ್ಳಲೇ ಇಲ್ಲ," ಎಂದಳು ಚಿಕ್ಕಮ್ಮ, ಈಗ ಸ್ವಲ್ಪ ಅನುಮಾನದಿಂದ.

ಬಟಾಣಿ ಬಾಯಿ ತೆರೆದಳು. ಏನೆಂದು ಶುರು ಮಾಡುವುದು? ಅವಳು ಮೆಟ್ಟಿಲಿಳಿದು ಕೆಳಗೆ ಓಡಿದಳು. ಎಲ್ಲಿಗೆ ಅಂತ ಅವಳಿಗೂ ಗೊತ್ತಿರಲಿಲ್ಲ.

ಕೆಳಗೆ ಬೇರೆಯದೇ ರಗಳೆ ನಡೆದಿತ್ತು. ರಿಸೆಪ್ಷನ್ ಅಣ್ಣ ಡಿಕ್ಷನರಿ ಗಿಕ್ಷನರಿ ಎಲ್ಲ ಹಳೇ ಕಾಲದ್ದು ಎನ್ನುವವನು. ಫೋನಿನಲ್ಲಿ ಆ್ಯಪ್ ಹಾಕಿಕೊಂಡಿದ್ದ. ಅದಕ್ಕೆ "ಲಗೇಜ್ ಮೇಲೆ ಬರುತ್ತೆ" ಎಂದು ಹೇಳಿದ. ಫೋನು ಅದನ್ನು ಜಪಾನಿಯಲ್ಲಿ ಏನೆಂದು ಹೇಳಿತೋ, ಅಲ್ಲಿದ್ದ ಐದೂ ಜನ ಅತಿಥಿಗಳು ತಲೆ ಎತ್ತಿ ಚಾವಣಿ ನೋಡಿ ಗಾಬರಿಯಿಂದ ಗೋಡೆಯ ಪಕ್ಕಕ್ಕೆ ಸರಿದು ನಿಂತರು.

ಮುಂಬಾಗಿಲಲ್ಲಿ ಇನ್ನೊಂದು. ಹೊರಗೆ ತುಂತುರು ಹನಿಯುತ್ತಿತ್ತು. ಕೊರಳಿಗೆ ದುರ್ಬೀನು ನೇತುಹಾಕಿಕೊಂಡಿದ್ದ ಒಬ್ಬರು ವಾಚ್‌ಮನ್ ತಾತನ ಹತ್ತಿರ ಹೊರಗೆ ಕೈ ತೋರಿಸಿ, "ಕಸಾ? ಕಸಾ?" ಎನ್ನುತ್ತಿದ್ದರು.

"ಕಸಾನಾ? ನಮ್ಮ ಹೋಟೆಲಲ್ಲಾ?" ತಾತನಿಗೆ ಅವಮಾನವಾಗಿಹೋಯಿತು. ಬೆಳಿಗ್ಗೆ ಗುಡಿಸಿದ ಅಂಗಳವನ್ನು ಮತ್ತೊಮ್ಮೆ ಗುಡಿಸಿದರು. ದುರ್ಬೀನಿನವರು ಮತ್ತೆ "ಕಸಾ" ಎಂದರು. ತಾತ ಕುಂಡಗಳ ಹಿಂದೆ ಬಗ್ಗಿ ನೋಡಿದರು. ಎರಡು ಒಣ ಎಲೆ ಸಿಕ್ಕವು. ಅವನ್ನು ಎತ್ತಿ ತೋರಿಸಿ, "ಇಷ್ಟೇ ಸ್ವಾಮಿ ಇರೋದು," ಎಂದರು. "ಕಸಾ," ಎಂದರು ಅವರು. ಕೊನೆಗೆ ತಾತ ಕಸದ ಬುಟ್ಟಿಯನ್ನೇ ತಂದು ಅವರ ಮುಂದಿಟ್ಟರು.

ಕಸಾ ಅಂದರೆ ಕೊಡೆ. ಅದು ಬಟಾಣಿ ಮುಟ್ಟದೆ ಬಿಟ್ಟ ಚೀಟಿ. ಆ ದಿನ ಅಮ್ಮ ಕೊಡೆ ತೆಗೆದುಕೊಂಡು ಆಫೀಸಿಗೆ ಹೋಗಿದ್ದಳು, ಅದಕ್ಕೇ ಉಳಿದುಕೊಂಡಿತ್ತು. ಬಟಾಣಿ ರಿಸೆಪ್ಷನ್ ಹಿಂದಿನ ಗೂಟದಲ್ಲಿದ್ದ ಕೊಡೆ ತಂದುಕೊಟ್ಟಳು. ದುರ್ಬೀನಿನವರ ಮುಖ ಊರಗಲ ಆಯಿತು.

ಅದನ್ನು ಮ್ಯಾನೇಜರ್ ನೋಡಿಬಿಟ್ಟರು. ಅದೇ ಹೊತ್ತಿಗೆ ಚಿಕ್ಕಮ್ಮನೂ ಕತ್ತರಿ ಕೈಯಲ್ಲೇ ಹಿಡಿದು ಮೆಟ್ಟಿಲಿಳಿದು ಬಂದಳು.

"ನಿಮ್ಮ ಅಕ್ಕನ ಮಗಳಾ?" ಎಂದರು ಮ್ಯಾನೇಜರ್. "ಭೇಷ್. ನೋಡ್ರೀ, ಈ ಮಗುಗೆ ಇರೋ ಬುದ್ಧಿ ನಿಮಗಿಲ್ಲ. ಇನ್ನೂರ ಒಂಬತ್ತರಿಂದ ಫೋನ್ ಬಂದಿದೆ. ಏನೂ ಅರ್ಥ ಆಗ್ಲಿಲ್ಲ, ಆದ್ರೆ ಕಿರಿಚಿದ್ದು ಅರ್ಥ ಆಯ್ತು. ಈ ಕತ್ತರಿ ತೋರಿಸಿ ಹೆದರಿಸಿದ್ರಾ? ಮೂರು ವಾರದಿಂದ ಜಪಾನಿ ಕಲೀತಿದೀನಿ ಅಂದಿದ್ದು ಇದೇನಾ?"

ಚಿಕ್ಕಮ್ಮ ಕಿವಿಯವರೆಗೆ ಕೆಂಪಗಾದಳು.

ಬಟಾಣಿಯನ್ನು ಯಾರಾದರೂ ಭೇಷ್ ಎಂದರೆ ಅವಳು ಒಂದು ವಾರ ಅದನ್ನೇ ಹೇಳಿಕೊಂಡು ತಿರುಗುವವಳು. ಇವತ್ತು ಆ ಮಾತು ಹಾಗಲಕಾಯಿ ಕಚ್ಚಿದ ಹಾಗಿತ್ತು. ಚಿಕ್ಕಮ್ಮನ ಕೈ ಹಿಡಿದು ದರದರ ಎಳೆದುಕೊಂಡು ಮೇಲಿನ ಚಾದರದ ರೂಮಿಗೆ ಹೋದಳು.

"ಮಕುರಾ ಅಂದ್ರೆ ದಿಂಬು," ಎಂದಳು.

"ಪೊರಕೆ ಕಣೇ. ಪೊರಕೆ ಮೇಲೇ ಬರೆದು ಅಂಟಿಸಿದೀನಿ."

"ನೀನು ದಿಂಬಿಗೆ ಅಂಟಿಸಿದ್ದೆ. ನಾನು ಕಿತ್ತು ಪೊರಕೆಗೆ ಅಂಟಿಸಿದೆ."

ಚಿಕ್ಕಮ್ಮ ಮಡಿಸಿಟ್ಟ ಚಾದರಗಳ ಮೇಲೆ ಕುಸಿದು ಕೂತಳು.

"ಸೆಕ್ಕೆನ್?"

"ಸೋಪು."

"ಅವರಿಗೆ ಕುರ್ಚಿ ಕೊಟ್ಟೆನಲ್ಲೇ. ನೆಂದು ತೊಪ್ಪೆಯಾಗಿ ನಿಂತಿದ್ರು."

"ಹ್ಞೂ."

"ಮೋಫು?"

"ಕಂಬಳಿ."

ಚಿಕ್ಕಮ್ಮ ಎರಡೂ ಕೈಯಿಂದ ಮುಖ ಮುಚ್ಚಿಕೊಂಡಳು. ಅವಳ ಭುಜ ಅಲುಗುತ್ತಿತ್ತು. ಅಳುತ್ತಿದ್ದಾಳೋ ನಗುತ್ತಿದ್ದಾಳೋ ಬಟಾಣಿಗೆ ತಿಳಿಯಲಿಲ್ಲ. ಕೇಳುವ ಧೈರ್ಯವೂ ಆಗಲಿಲ್ಲ.

ಮುಚ್ಚಿದ ಕೈಯೊಳಗಿಂದಲೇ ಮಾತು ಬಂತು. "ಇನ್ನೂ ಯಾವ್ಯಾವುದು?"

ಬಟಾಣಿ ಬೆರಳು ಮಡಚುತ್ತ ಹೇಳಿದಳು. ಒಂಬತ್ತಕ್ಕೆ ನಿಂತಿತು. ಉಳಿದ ಐದು ಎಷ್ಟು ತಲೆ ಕೆರೆದುಕೊಂಡರೂ ನೆನಪಾಗಲಿಲ್ಲ. ಡಿಕ್ಷನರಿ ಮನೆಯಲ್ಲಿತ್ತು. ಎರಡೂಕಾಲು ಕೆಜಿ ಹೊತ್ತುಕೊಂಡು ಬಸ್ಸು ಹತ್ತುವುದು ಯಾರು ಅಂತ ಚಿಕ್ಕಮ್ಮ ಬಿಟ್ಟು ಬಂದಿದ್ದಳು.

ಆಗ ಯಾರೋ ಬಾಗಿಲು ತಟ್ಟಿದರು. ನೋಡಿದರೆ ಮೊದಲಿನ ಆ ಜಪಾನಿ ಅಜ್ಜಿ, ಕೈಯಲ್ಲಿ ಪೊರಕೆ ಹಿಡಿದು ನಿಂತಿದ್ದಾರೆ. ಪೊರಕೆಯನ್ನು ಗೋಡೆಗೆ ಒರಗಿಸಿ, ಜೇಬಿನಿಂದ ಕಂಪಾಸ್ ಬಾಕ್ಸಿನಷ್ಟು ದೊಡ್ಡದೊಂದು ವಸ್ತು ತೆಗೆದರು. ಮುಚ್ಚಳ ತೆರೆದರೆ ಮೇಲೊಂದು ಪುಟ್ಟ ಪರದೆ, ಕೆಳಗೆ ಪುಟ್ಟ ಪುಟ್ಟ ಕೀಗಳು. ಅವರ ಡಿಕ್ಷನರಿ ಅದರೊಳಗೆ ಇತ್ತು. ಅಜ್ಜಿ ಜಪಾನಿಯಲ್ಲಿ ಒಂದು ಪದ ಒತ್ತಿದರೆ ಇಂಗ್ಲಿಷಿನಲ್ಲಿ ಒಂದು ಪದ ಬರುತ್ತಿತ್ತು. ಅವರು ಒಂದೊಂದನ್ನೇ ತೋರಿಸಿದರು. ಬಟಾಣಿ ಓದಿ ಹೇಳಿದಳು.

"ಗುಡಿಸು. ಮುಗಿ. ಈಗ. ದಿಂಬು."

ಗುಡಿಸಿದ ಮೇಲಷ್ಟೇ ದಿಂಬು ಕೊಡುವುದು ಈ ಹೋಟೆಲಿನ ನಿಯಮ ಅಂತ ಅಜ್ಜಿ ತಿಳಿದುಕೊಂಡಿದ್ದರು.

ಚಿಕ್ಕಮ್ಮ ಎದ್ದು ಎರಡು ದಿಂಬು ಕೊಟ್ಟಳು. ಅದೂ ಸಾಲದೆನಿಸಿ ಮೂರನೆಯದನ್ನೂ ಇಟ್ಟಳು. ಬಟಾಣಿ ಆ ಪುಟ್ಟ ಡಿಕ್ಷನರಿಯತ್ತ ಬೆರಳು ತೋರಿಸಿ, ಕೈ ಮುಂದೆ ಚಾಚಿದಳು. ಅಜ್ಜಿ ಕೊಟ್ಟರು. ಆಮೇಲೆ ದಿಂಬುಗಳನ್ನು ನೆಲಕ್ಕೆ ಹಾಕಿ, ಒಂದರ ಮೇಲೆ ತಾವೇ ಕೂತರು.

ಮೊದಲು ಕ್ಷಮೆ ಕೇಳಬೇಕು. ಬಟಾಣಿ 'ಸಾರಿ' ಎಂದು ಒತ್ತಿದಳು. ಒಂದಲ್ಲ, ಏಳು ಪದ ಬಂದವು, ಪಕ್ಕದಲ್ಲಿ ಇಂಗ್ಲಿಷ್ ಅಕ್ಷರದಲ್ಲಿ ಉಚ್ಚಾರವೂ. ಯಾವುದು ಯಾರಿಗೆ ಹೇಳುವುದೆಂದು ತಿಳಿಯಲಿಲ್ಲ. ತಪ್ಪು ದೊಡ್ಡದು, ಆದ್ದರಿಂದ ಪದವೂ ದೊಡ್ಡದಿರಲಿ ಎಂದು ಎಲ್ಲಕ್ಕಿಂತ ಉದ್ದದ್ದನ್ನು ಆರಿಸಿದಳು. "ಮೋಷಿವಕೆ ಗೊಝಾಯಿಮಾಸೆನ್," ಎಂದು ತಲೆ ಬಗ್ಗಿಸಿದಳು.

ಅಜ್ಜಿಯ ಹುಬ್ಬು ಹಣೆಯ ಮೇಲಕ್ಕೆ ಹೋಯಿತು. ದೊಡ್ಡ ಕಂಪನಿಯ ಯಜಮಾನರು ಸಭೆಯಲ್ಲಿ ಎದ್ದು ನಿಂತು ಹೇಳುವ ಮಾತದು. ಹತ್ತು ವರ್ಷದ ಹುಡುಗಿಯ ಬಾಯಲ್ಲಿ ಅದನ್ನು ಕೇಳಿ ಅವರಿಗೆ ಕೆಮ್ಮು ಬಂತು.

ಬಟಾಣಿ ಮತ್ತೆ ಒತ್ತಿದಳು. ಕಾಗದ. ಬದಲು. ನಾನು. ಪೊರಕೆಯನ್ನೂ ದಿಂಬನ್ನೂ ತೋರಿಸಿ ಕೈ ಅಡ್ಡಡ್ಡ ಮಾಡಿದಳು. ಅಜ್ಜಿ ಪೊರಕೆಯಿಂದ ದಿಂಬಿಗೆ, ದಿಂಬಿನಿಂದ ಪೊರಕೆಗೆ ಕಣ್ಣಾಡಿಸಿದರು. ಆಮೇಲೆ ಅರ್ಥವಾಯಿತು. ಎಷ್ಟು ನಕ್ಕರೆಂದರೆ ದಿಂಬಿನಿಂದ ಜಾರಿ ನೆಲದ ಮೇಲೆ ಕೂತರು. ಅವರು ಒಂದು ಪದ ಒತ್ತಿ ತೋರಿಸಿದರು. ಇತಾಝುರಾ. ಕಿತಾಪತಿ.

ಆಮೇಲೆ ಕೆಲಸ ಶುರುವಾಯಿತು. ಬಟಾಣಿ ಇಂಗ್ಲಿಷಿನಲ್ಲಿ ಒತ್ತುವುದು, ಅಜ್ಜಿ ಜಪಾನಿಯಲ್ಲಿ ಓದುವುದು, ಚಿಕ್ಕಮ್ಮ ಲಾಂಡ್ರಿ ಚೀಟಿಯ ಹಿಂಬದಿಗೆ ಬರೆದುಕೊಳ್ಳುವುದು. ಕತ್ತರಿಗೆ ಬಟಾಣಿ ಸ್ಪೆಲಿಂಗ್ ತಪ್ಪಿದಳು, ಡಿಕ್ಷನರಿ ಅದನ್ನು 'ಸೈಜು' ಎಂದು ಓದಿಕೊಂಡಿತು, ಅಜ್ಜಿ ತಮ್ಮ ಚಪ್ಪಲಿಯ ಅಳತೆ ತೋರಿಸಿದರು. ಮೂರು ಸಲ ತಪ್ಪಿದ ಮೇಲೆ ಸರಿಯಾಯಿತು.

"ಇರು, ಇರು, ನಿಧಾನ," ಎಂದಳು ಚಿಕ್ಕಮ್ಮ ಬರೆಯುತ್ತ.

"ಇರು?" ಅಜ್ಜಿ ಕಿವಿ ನಿಮಿರಿಸಿದರು. ಒತ್ತಿ ತೋರಿಸಿದರು. ಅವರ ಭಾಷೆಯಲ್ಲೂ 'ಇರು' ಇತ್ತು. ಅರ್ಥವೂ ಇರುವುದು ಅಂತಲೇ.

"ನಾನು ಅದಲುಬದಲು ಮಾಡಿದ್ದಲ್ಲ, ದೇವರಾಣೆ," ಎಂದಳು ಬಟಾಣಿ.

ಈ ಸಲ ಚಿಕ್ಕಮ್ಮ ನಕ್ಕದ್ದು ಸ್ಪಷ್ಟವಾಗಿ ಕಾಣಿಸಿತು. ಆದರೆ ಬಟಾಣಿಯ ಕಡೆ ತಿರುಗಿ ನಗಲಿಲ್ಲ.

ಅಜ್ಜಿ ಎದ್ದು ಹೋಗಿ ಕಾರಿಡಾರಿನ ಬಾಗಿಲುಗಳನ್ನೆಲ್ಲ ತಟ್ಟಿ ಕತೆ ಹೇಳಿದರು. ಸೋಪಿನ ಮಾಮ ಇನ್ನೂ ಒದ್ದೆ ತಲೆಯಲ್ಲೇ ಬಂದರು, ಕುರ್ಚಿಯ ಸಮೇತ. ಇನ್ನೂರ ಒಂಬತ್ತರವರು ಬಾಗಿಲಿಗೆ ಅಡ್ಡ ಇಟ್ಟಿದ್ದ ಸೂಟ್‌ಕೇಸುಗಳನ್ನು ಸರಿಸಿ ಹೊರಬಂದರು. ಮೊದಲು ಎಲ್ಲರೂ ಬಾಯಿಗೆ ಕೈ ಅಡ್ಡ ಹಿಡಿದು ಮರ್ಯಾದೆಯಾಗಿ ನಕ್ಕರು. ಆಮೇಲೆ ಮರ್ಯಾದೆ ಬಿಟ್ಟು ನಕ್ಕರು. ಸಂಜೆಯ ಹೊತ್ತಿಗೆ ಹದಿನೆಂಟು ಜನಕ್ಕೂ ದಿಂಬು, ಸೋಪು, ಕಂಬಳಿ ಸಿಕ್ಕಿತ್ತು.

ಮನೆಗೆ ಹೊರಡುವಾಗ ಮ್ಯಾನೇಜರ್ ಕರೆದರು. "ಅತಿಥಿಗಳು ಖುಷಿಯಾಗಿದ್ದಾರೆ, ಒಪ್ಪಿದೆ. ಆದ್ರೆ ಸೂಪರ್‌ವೈಸರ್ ವಿಷಯ ಮುಂದಿನ ತಂಡ ಬಂದಾಗ ನೋಡೋಣ."

"ಅದು ನನ್ನ ತಪ್ಪು, ಸರ್," ಎಂದಳು ಬಟಾಣಿ. "ಚೀಟಿ ಬದಲಾಯಿಸಿದ್ದು ನಾನು."

"ಗೊತ್ತಾಯ್ತು ಪುಟ್ಟ. ಆದರೂ ಚಳಿ ಅಂದವರಿಗೆ ಕತ್ತರಿ ಹಿಡ್ಕೊಂಡು ಹೋಗೋವಾಗ ನಿಮ್ಮ ಚಿಕ್ಕಮ್ಮ ಒಂದ್ಸಲ ಯೋಚಿಸ್ಬೇಕಿತ್ತಲ್ವಾ?"

ಚಿಕ್ಕಮ್ಮ ತಲೆಯಾಡಿಸಿ ಬಾಗಿಲ ಕಡೆ ನಡೆದಳು.

ಬಸ್ಸಿನಲ್ಲಿ ಚಿಕ್ಕಮ್ಮ ಕಿಟಕಿಯ ಹೊರಗೆ ನೋಡುತ್ತ ಕೂತಿದ್ದಳು. ಮನೆಯಲ್ಲಿ ಅಜ್ಜ ಕೇಳಿದರು, "ಏನಮ್ಮ, ನಿನ್ನ ಜಪಾನಿ ಅವರಿಗೆ ಅರ್ಥ ಆಯ್ತಾ?"

"ಒಳ್ಳೇ ಜನ ಅಪ್ಪ. ಎಲ್ಲ ಚೆನ್ನಾಗಾಯ್ತು," ಎಂದು ಚಿಕ್ಕಮ್ಮ ಒಳಗೆ ಹೋದಳು. ಬಟಾಣಿಯ ಹೆಸರು ಎತ್ತಲಿಲ್ಲ. ಅಮ್ಮನ ಹತ್ತಿರವೂ ಎತ್ತಲಿಲ್ಲ.

ಮರುದಿನ ಭಾನುವಾರ. ಚಿಕ್ಕಮ್ಮ ಅರವತ್ತೂ ಚೀಟಿಗಳನ್ನು ಕಿತ್ತು ಹಾಕಿದಳು.

"ಇದು ನಾನು ಮುಟ್ಟಿಲ್ಲ, ಸರಿ ಇತ್ತು," ಎಂದಳು ಬಟಾಣಿ.

"ಇರ್ಲಿ, ಹೊಸದು ಬರೆಯೋಣ. ನೀನು ಹೇಳು, ನಾನು ಬರೀತೀನಿ. ಕನ್ನಡಿಗೆ?"

"ಕಗಾಮಿ."

ಚಿಕ್ಕಮ್ಮ ತಲೆಯಾಡಿಸಿದಳು. ಆದರೆ ಬರೆಯಲಿಲ್ಲ. ಡಿಕ್ಷನರಿಯನ್ನು ತೊಡೆಯ ಮೇಲೆ ಎಳೆದುಕೊಂಡು, ಪುಟ ತಿರುವಿ, ಭೂತಗನ್ನಡಿ ಹಿಡಿದು ನೋಡಿದಳು. "ಕಗಾಮಿ. ಸರಿ," ಎಂದು ಆಮೇಲೆ ಬರೆದಳು.

"ಬೀಗದ ಕೈಗೆ?"

"ಕಗಿ."

ಮತ್ತೆ ಡಿಕ್ಷನರಿ. ಮತ್ತೆ ಭೂತಗನ್ನಡಿ. "ಸರಿ."

ಚಿಕ್ಕಮ್ಮನ ಮುಖದಲ್ಲಿ ಸಿಟ್ಟಿರಲಿಲ್ಲ. ನಡುವೆ ಕುರ್ಚಿಯ ಮಾಮನನ್ನು ನೆನೆಸಿಕೊಂಡು ಕಿಸಕ್ಕನೆ ನಕ್ಕಳು ಕೂಡ. ಆದರೆ ಪ್ರತಿ ಪದಕ್ಕೂ ಅವಳ ಕೈ ಡಿಕ್ಷನರಿಯ ಕಡೆಗೇ ಹೋಗುತ್ತಿತ್ತು. ನೀರಿಗೆ ಮಿಜು ಅಂತ ಬಟಾಣಿಗೆ ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಗೊತ್ತು. ಅದನ್ನೂ ಚಿಕ್ಕಮ್ಮ ನೋಡಿದಳು. ನಾಲ್ಕು ಬೈದು, ಒಂದು ಮೊಟಕಿದ್ದರೆ ನಿನ್ನೆಯೇ ಮುಗಿದುಹೋಗುತ್ತಿತ್ತು ಅಂತ ಬಟಾಣಿಗೆ ಅನಿಸಿತು.

ಹನ್ನೊಂದನೇ ಚೀಟಿಯ ಹೊತ್ತಿಗೆ ಚಿಕ್ಕಮ್ಮ ಮಣಿಕಟ್ಟು ಒತ್ತಿಕೊಳ್ಳತೊಡಗಿದಳು. ಎರಡೂಕಾಲು ಕೆಜಿಯನ್ನು ಎಷ್ಟು ಸಲ ಎತ್ತುವುದು?

"ಕಿಟಕಿಗೆ?"

ಬಟಾಣಿ ಡಿಕ್ಷನರಿಯನ್ನು ತನ್ನ ತೊಡೆಯ ಮೇಲೆ ಎಳೆದುಕೊಂಡಳು. ಪುಟ ಹುಡುಕಿದಳು. ಪದದ ಕೆಳಗೆ ಬೆರಳಿಟ್ಟು, ಭೂತಗನ್ನಡಿಯನ್ನು ಅದರ ಮೇಲೆ ಹಿಡಿದು, ಚಿಕ್ಕಮ್ಮನಿಗೆ ಕಾಣುವಂತೆ ಪುಸ್ತಕ ತಿರುಗಿಸಿದಳು.

"ಮದೊ," ಎಂದಳು. "ನೋಡು."

ಚಿಕ್ಕಮ್ಮ ಬಗ್ಗಿ ನೋಡಿದಳು. ಆಮೇಲೆ ಪೆನ್ನು ಅವಳ ಕೈಗೆ ಕೊಟ್ಟಳು.

"ಬರಿ," ಎಂದಳು.